ಅಜ್ಜಿಗೆ ಆಗದ್ದು ಮಾವನಿಗೆ ಏಕಾಯಿತು?

ಪ್ರಶ್ನೆ: ನಮ್ಮ ಅಜ್ಜಿ ಕೊನೆಯವರೆಗೂ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಹಾಕುತ್ತಿದ್ದರು. ಎಂಬತ್ತಾರು ತುಂಬಿ ತೀರಿಕೊಂಡರು. ಬಾಯಿಗೆ ಏನೂ ಆಗಿರಲಿಲ್ಲ. ಅವರ ಮಗ, ನನ್ನ ಸೋದರಮಾವ, ಗುಟ್ಕಾ ಹಾಕುತ್ತಿದ್ದವರು. ನಲವತ್ತಮೂರಕ್ಕೇ ಕೆನ್ನೆಯ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಉರಿಯೂತಕ್ಕೆ ಸಂಬಂಧಿಸಿದ ಕೆಲವು ಜೀನ್‌ಗಳು ಇದ್ದವರಿಗೆ ಬಾಯಿ ಕ್ಯಾನ್ಸರ್ ಬೇಗ ಬರುತ್ತದೆ ಎಂದು ಎಲ್ಲೋ ಓದಿದೆ. ಹಾಗಾದರೆ ಇದು ಜೀನ್‌ನ ಆಟವೇ? ನಮ್ಮ ಮನೆತನಕ್ಕೆ ಬರುವ ರೋಗವೇ? ಎಂಜಲಿನ ಸ್ಯಾಂಪಲ್ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದರೆ ನನಗೆ ಬರುತ್ತದೋ ಇಲ್ಲವೋ ತಿಳಿಯುತ್ತದೆಯೇ? — ಓದುಗರು, ಚನ್ನರಾಯಪಟ್ಟಣ

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಕೊನೆಯದರ ಉತ್ತರ ಚಿಕ್ಕದು, ಅದನ್ನೇ ಮೊದಲು ಹೇಳುತ್ತೇನೆ. ಉರಿಯೂತದ ಜೀನ್‌ಗಳನ್ನು ನೋಡಿ ನಿಮಗೆ ಬಾಯಿ ಕ್ಯಾನ್ಸರ್ ಬರುತ್ತದೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಇವತ್ತಿಗೆ ಇಲ್ಲ. ಯಾರಾದರೂ ಹೇಳುತ್ತೇವೆಂದು ದುಡ್ಡು ಕೇಳಿದರೆ ಕೊಡಬೇಡಿ. ಉಳಿದ ಎರಡಕ್ಕೆ ಮಾತ್ರ ಸ್ವಲ್ಪ ನಿಧಾನವಾಗಿಯೇ ಉತ್ತರಿಸಬೇಕು. ನೀವು ಓದಿದ್ದು ಸುಳ್ಳಲ್ಲ. ಅದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದೇ ಇಲ್ಲಿರುವ ವಿಷಯ.

ಮೊದಲು ಕೆನ್ನೆಯ ಒಳಗೆ ನಡೆಯುವುದನ್ನು ನೋಡೋಣ. ಎಲ್ಲೇ ಗಾಯವಾಗಲಿ, ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ, ನೋಯುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ, ರೋಗಾಣುಗಳಿದ್ದರೆ ಕೊಂದು, ಸತ್ತ ಕೋಶಗಳನ್ನು ತೆರವು ಮಾಡಿ, ಹೊಸ ಕೋಶಗಳು ಬೆಳೆಯಲು ದಾರಿ ಮಾಡಿಕೊಟ್ಟು ಹೊರಟುಹೋಗುತ್ತವೆ. ಇದು ಉರಿಯೂತ. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ರಿಪೇರಿ ಕೆಲಸ. ಆದರೆ ದಿನಕ್ಕೆ ಹತ್ತು ಸಲ ಅದೇ ಕೆನ್ನೆಯ ಸಂದಿಗೆ ಅಡಿಕೆ, ಸುಣ್ಣ, ಹೊಗೆಸೊಪ್ಪು ಬಂದು ಕೂತರೆ ಆ ಕೆಲಸ ಮುಗಿಯುವುದೇ ಇಲ್ಲ. ಅಡಿಕೆಯ ಒರಟು ಚೂರು ಒಳಪದರವನ್ನು ತರಚುತ್ತದೆ. ಸುಣ್ಣ ಆ ಪದರವನ್ನು ಸುಡುತ್ತದೆ. ಅದರ ಕ್ಷಾರಗುಣದಿಂದ ಅಡಿಕೆಯ ರಾಸಾಯನಿಕಗಳು ಕೋಶಗಳನ್ನು ಹಾಳುಮಾಡುವ ಆಮ್ಲಜನಕದ ತೀಕ್ಷ್ಣ ಕಣಗಳನ್ನು ಹುಟ್ಟಿಸುತ್ತವೆ. ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೈನ್‌ಗಳು ದೇಹದಲ್ಲಿ ಮಾರ್ಪಟ್ಟು ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತವೆ.

ಹೀಗೆ ವರ್ಷಗಟ್ಟಲೆ ಪೆಟ್ಟು ಬಿದ್ದ ಜಾಗದಲ್ಲಿ ಬಿಳಿ ರಕ್ತಕಣಗಳು ಠಿಕಾಣಿ ಹೂಡುತ್ತವೆ. ಅವು ಮತ್ತು ಅಕ್ಕಪಕ್ಕದ ಕೋಶಗಳು ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಸುರಿಸುತ್ತಲೇ ಇರುತ್ತವೆ. ಅವುಗಳಲ್ಲಿ ಟಿಎನ್ಎಫ್-ಆಲ್ಫಾ ಎಂಬುದು ಇನ್ನಷ್ಟು ಉರಿಯೂತವನ್ನು ಎಬ್ಬಿಸುತ್ತದೆ. ಇಂಟರ್‌ಲ್ಯೂಕಿನ್-6 ಕೋಶಗಳಿಗೆ 'ಸಾಯಬೇಡ, ಒಡೆದು ಬೆಳೆ' ಎಂದು ಹೇಳುತ್ತದೆ. ಕಾಕ್ಸ್-2 ಎಂಬ ಕಿಣ್ವ ತಯಾರಿಸುವ ವಸ್ತುಗಳು ಹೊಸ ರಕ್ತನಾಳಗಳನ್ನು ಕರೆತರುತ್ತವೆ. ಡಿಎನ್‌ಎ ಕೆಟ್ಟ ಕೋಶ ಸಾಯಬೇಕಿತ್ತು. ಈ ವಾತಾವರಣದಲ್ಲಿ ಅದು ಬದುಕಿಕೊಳ್ಳುತ್ತದೆ, ತನ್ನಂಥವನ್ನೇ ಹುಟ್ಟಿಸುತ್ತದೆ. ಗಡ್ಡೆಗಳಲ್ಲಿ ಬಿಳಿ ರಕ್ತಕಣಗಳು ತುಂಬಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1863ರಲ್ಲೇ ಗಮನಿಸಿ, ದೀರ್ಘಕಾಲದ ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿರಬೇಕೆಂದು ಊಹಿಸಿದ್ದರು. ಊಹೆ ಸರಿಯಾಗಿತ್ತು.

ಜೀನ್‌ಗಳ ಮಾತು ಬರುವುದು ಇಲ್ಲಿ. ಟಿಎನ್ಎಫ್-ಆಲ್ಫಾ ತಯಾರಿಸುವ ಜೀನ್ ನಮ್ಮೆಲ್ಲರಲ್ಲೂ ಇದೆ. ಆದರೆ ಜೀನ್ ಶುರುವಾಗುವುದಕ್ಕೆ ಮುಂಚೆ, ಡಿಎನ್‌ಎಯ 308 ಅಕ್ಷರ ಹಿಂದೆ, ಬಹುಪಾಲು ಜನರಿಗೆ 'ಜಿ' ಇರುವ ಕಡೆ ಕೆಲವರಿಗೆ 'ಎ' ಇದೆ. ಪ್ರೋಟೀನಿನ ರೂಪ ಇದರಿಂದ ಬದಲಾಗುವುದಿಲ್ಲ. ಎಷ್ಟು ಪ್ರೋಟೀನ್ ತಯಾರಾಗಬೇಕು ಎಂಬುದು ಮಾತ್ರ ತುಸು ಬದಲಾಗಬಹುದು. ಗ್ಯಾಸ್ ಒಲೆಯ ತಿರುಪನ್ನು ಒಂದಿಷ್ಟು ಆಚೀಚೆ ತಿರುಗಿಸಿಟ್ಟ ಹಾಗೆ. ಇಂಥ ಜಾಗಗಳು ಇನ್ನೂ ಇವೆ. ಇಂಟರ್‌ಲ್ಯೂಕಿನ್-6ರ ಜೀನ್‌ಗೆ 174 ಅಕ್ಷರ ಹಿಂದೆ ಒಂದು, ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10ರ ಜೀನ್‌ಗೆ 1082 ಅಕ್ಷರ ಹಿಂದೆ ಒಂದು, ಕಾಕ್ಸ್-2ರ ಜೀನ್‌ಗೆ 765 ಅಕ್ಷರ ಹಿಂದೆ ಒಂದು. ಇವೆಲ್ಲ ಕಾಯಿಲೆಯಲ್ಲ, ದೋಷವೂ ಅಲ್ಲ. ಮೂಗಿನ ಆಕಾರ ಒಬ್ಬೊಬ್ಬರದು ಒಂದೊಂದು ಥರ ಇರುವಂತೆ ಹುಟ್ಟಿನಿಂದ ಬಂದ ವ್ಯತ್ಯಾಸ.

ಉರಿಯೂತ ಹೆಚ್ಚು ಎಬ್ಬಿಸುವ ರೂಪ ಇದ್ದವರಿಗೆ ಅದೇ ಗುಟ್ಕಾ ಹೆಚ್ಚು ಹಾನಿ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇದನ್ನು ಪರೀಕ್ಷಿಸಲು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ವಿಧಾನ ಸರಳ: ಬಾಯಿ ಕ್ಯಾನ್ಸರ್ ಆದವರ ರಕ್ತ, ಆಗದವರ ರಕ್ತ ತೆಗೆದುಕೊಂಡು ಯಾವ ರೂಪ ಯಾರಲ್ಲಿ ಹೆಚ್ಚು ಎಂದು ಎಣಿಸುವುದು. ಗ್ರೀಸ್ ಮತ್ತು ಜರ್ಮನಿಯ ರೋಗಿಗಳ ಮೇಲೆ 2000ದ ದಶಕದಲ್ಲಿ ನಡೆದ ಸಾಲು ಸಾಲು ಅಧ್ಯಯನಗಳು ಇಂಥ ಹಲವು ರೂಪಗಳಿಗೂ ಬಾಯಿ ಕ್ಯಾನ್ಸರಿಗೂ ನಂಟಿದೆ ಎಂದವು. ದಿಲ್ಲಿಯಲ್ಲಿ, ತೈವಾನಿನಲ್ಲಿ, ಚೀನಾದಲ್ಲಿಯೂ ಇಂಥ ಕೆಲಸ ನಡೆಯಿತು. ನೀವು ಓದಿದ್ದು ಬಹುಶಃ ಇವುಗಳಲ್ಲೊಂದರ ಸಾರಾಂಶ.

ಫಲಿತಾಂಶಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಟಿಎನ್ಎಫ್‌ನ ಆ 'ಎ' ರೂಪವನ್ನೇ ತೆಗೆದುಕೊಳ್ಳಿ. ಪ್ರಯೋಗಾಲಯದಲ್ಲಿ ಅದು ಪ್ರೋಟೀನನ್ನು ಹೆಚ್ಚು ಮಾಡಿಸುವ ರೂಪವಾಗಿ ಕಂಡಿತ್ತು. ಹಾಗಾಗಿ ರೋಗಿಗಳಲ್ಲಿ ಅದು ಹೆಚ್ಚಿರಬೇಕು. ಆದರೆ ಅಡಿಕೆ ಅಗಿಯುವುದರಿಂದ ಬಾಯಿಯ ಒಳಪದರ ನಾರುಗಟ್ಟುವ ಕಾಯಿಲೆ ಇದ್ದವರನ್ನು ತೈವಾನಿನಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರಲ್ಲೇ 'ಎ' ಕಡಿಮೆ ಇತ್ತು! ಒಂದು ಊರಿನಲ್ಲಿ ಅಪಾಯದ ರೂಪ, ಇನ್ನೊಂದು ಊರಿನಲ್ಲಿ ಕಾಪಾಡುವ ರೂಪ ಎಂದಾದರೆ ಯಾವುದನ್ನು ನಂಬುವುದು?

ಇದಕ್ಕೆ ಕಾರಣಗಳಿವೆ. ಇಂಥ ಬಹಳಷ್ಟು ಅಧ್ಯಯನಗಳಲ್ಲಿ ಇರುವುದು ನೂರು, ಇನ್ನೂರು ರೋಗಿಗಳು. ಸಣ್ಣ ಲೆಕ್ಕದಲ್ಲಿ ಆಕಸ್ಮಿಕವೂ ಸತ್ಯದಂತೆ ಕಾಣುತ್ತದೆ. ನಂಟು ಸಿಕ್ಕಿದ ಪ್ರಬಂಧ ಅಚ್ಚಾಗುತ್ತದೆ, ಸಿಗದ್ದು ಮೇಜಿನ ಖಾನೆಯಲ್ಲೇ ಉಳಿಯುತ್ತದೆ. ಜನಾಂಗದಿಂದ ಜನಾಂಗಕ್ಕೆ ಈ ಅಕ್ಷರಗಳ ಪ್ರಮಾಣವೇ ಬೇರೆ. ಟಿಎನ್ಎಫ್‌ನ 'ಎ' ಯುರೋಪಿನವರಲ್ಲಿ ಇರುವಷ್ಟು ನಮ್ಮಲ್ಲಿ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ರೋಗಿಗಳೆಲ್ಲ ಹೊಗೆಸೊಪ್ಪು ಹಾಕುವವರಾಗಿದ್ದು, ಹೋಲಿಕೆಗೆ ಆರಿಸಿದವರು ಆಸ್ಪತ್ರೆಯ ಸಿಬ್ಬಂದಿಯೋ ಕಾಲೇಜು ಹುಡುಗರೋ ಆಗಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಹೋಲಿಸಬೇಕಾದ್ದು ಅಷ್ಟೇ ವರ್ಷ, ಅಷ್ಟೇ ಹೊಗೆಸೊಪ್ಪು ಹಾಕಿಯೂ ಬಾಯಿ ಚೆನ್ನಾಗಿರುವವರನ್ನು, ಅಂದರೆ ನಿಮ್ಮ ಅಜ್ಜಿಯಂಥವರನ್ನು. ಅಂಥ ಸಾವಿರಾರು ಜನರನ್ನು ಹುಡುಕಿ ಸೇರಿಸುವುದು ಸುಲಭವಲ್ಲ.

ಅನುಮಾನ ಬಂದ ಜೀನನ್ನು ಮಾತ್ರ ನೋಡದೆ ಇಡೀ ಜೀನೋಮನ್ನು ತಡಕುವ ದೊಡ್ಡ ಅಧ್ಯಯನಗಳು ಬಂದ ಮೇಲೆ ಚಿತ್ರ ಸ್ವಲ್ಪ ತಿಳಿಯಾಯಿತು. ಯುರೋಪ್ ಮತ್ತು ಎರಡೂ ಅಮೆರಿಕಗಳ ಸುಮಾರು 6 ಸಾವಿರ ಬಾಯಿ ಹಾಗೂ ಗಂಟಲಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಎಂಟು ಜಾಗಗಳನ್ನು ಗುರುತಿಸಿತು. ಮದ್ಯವನ್ನು ಅರಗಿಸುವ ಜೀನ್‌ಗಳಿರುವ ಭಾಗ, ಕೋಶ ಒಡೆಯುವುದನ್ನು ಹಿಡಿತದಲ್ಲಿಡುವ ಜೀನ್‌ಗಳಿರುವ ಭಾಗ ಅದರಲ್ಲಿದ್ದವು. ರೋಗನಿರೋಧಕ ವ್ಯವಸ್ಥೆಯ ಎಚ್‌ಎಲ್‌ಎ ಭಾಗವೂ ಕಾಣಿಸಿತು, ಮುಖ್ಯವಾಗಿ ವೈರಸ್‌ನಿಂದ ಬರುವ ಗಂಟಲ ಹಿಂಭಾಗದ ಕ್ಯಾನ್ಸರಿಗೆ ಸಂಬಂಧಿಸಿದಂತೆ. ಮೇಲೆ ಹೆಸರಿಸಿದ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-10, ಕಾಕ್ಸ್-2ರ ಪ್ರಸಿದ್ಧ ಜಾಗಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಉರಿಯೂತಕ್ಕೆ ಪಾತ್ರವಿಲ್ಲ ಎಂದು ಇದರರ್ಥವಲ್ಲ. ಆ ಒಂದೊಂದು ಅಕ್ಷರದ ವ್ಯತ್ಯಾಸಕ್ಕೆ ನಾವು ಅಂದುಕೊಂಡಷ್ಟು ಬಲವಿಲ್ಲ ಎಂದರ್ಥ.

ಬಲ ಎಷ್ಟು ಎಂದು ಅಂಕಿಯಲ್ಲೇ ನೋಡೋಣ. ಇಂಥ ಸಾಮಾನ್ಯ ಜೀನ್ ರೂಪಗಳು ನಿಜವಾಗಿ ಕೆಲಸ ಮಾಡುವಲ್ಲೂ ಅಪಾಯವನ್ನು ಒಂದೂಕಾಲು ಪಟ್ಟು, ಹೆಚ್ಚೆಂದರೆ ಒಂದೂವರೆ ಪಟ್ಟು ಮಾಡುತ್ತವೆ. ಹೊಗೆಸೊಪ್ಪಿನ ಲೆಕ್ಕಕ್ಕೆ ನಮ್ಮದೇ ಬೆಂಗಳೂರಿನ ಅಧ್ಯಯನವಿದೆ. ಇಲ್ಲಿನ ಕ್ಯಾನ್ಸರ್ ನೋಂದಣಿಯ ದಾಖಲೆಗಳಿಂದ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ತೆಗೆದುಕೊಂಡು, ಅದೇ ವಯಸ್ಸಿನ ಅದೇ ಪ್ರದೇಶದವರೊಂದಿಗೆ ಹೋಲಿಸಿ 1990ರಲ್ಲಿ ಪ್ರಕಟಿಸಿದ್ದು. ಅದರ ಪ್ರಕಾರ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸರಿಗೆ ಅಪಾಯ ಸುಮಾರು 25 ಪಟ್ಟು. ಎಷ್ಟು ವರ್ಷ ಹಾಕಿದರು, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿಟ್ಟುಕೊಂಡರು ಎಂಬುದು ಹೆಚ್ಚಾದಂತೆ ಅಪಾಯವೂ ಹೆಚ್ಚಿತ್ತು.

ಈಗ ಒಂದು ಕಾಲ್ಪನಿಕ ಲೆಕ್ಕ ಮಾಡಿ. ಹೊಗೆಸೊಪ್ಪನ್ನು ಮುಟ್ಟದ 10,000 ಜನರಲ್ಲಿ 10 ಜನರಿಗೆ ಬಾಯಿ ಕ್ಯಾನ್ಸರ್ ಬರುತ್ತದೆ ಎಂದಿಟ್ಟುಕೊಳ್ಳಿ. ಅವರೆಲ್ಲರಿಗೂ 1.3 ಪಟ್ಟಿನ ಜೀನ್ ಇದ್ದರೆ ಆ 10, 13 ಆಗುತ್ತದೆ. ಜೀನ್ ಇಲ್ಲ, ಆದರೆ ಎಲ್ಲರೂ ಹೊಗೆಸೊಪ್ಪು ಹಾಕುತ್ತಾರೆ ಎಂದರೆ 250. ಎರಡೂ ಇದ್ದರೆ 325. ಗಮನಿಸಿ, ಆಗಲೂ 9,675 ಜನರಿಗೆ ಬರುವುದಿಲ್ಲ. ನಿಮ್ಮ ಅಜ್ಜಿ ಈ ಗುಂಪಿನವರು. ಅವರ ಜೀನ್ ವಿಶೇಷವಾಗಿತ್ತು ಎಂದು ಹೇಳಲು ಇಷ್ಟೇ ಸಾಕಾಗುವುದಿಲ್ಲ, ಏಕೆಂದರೆ ಎಂಥ ಜೀನ್ ಇದ್ದರೂ ಆ ಗುಂಪೇ ದೊಡ್ಡದು. ಹಾಗೆಂದು 250 ಸಣ್ಣ ಸಂಖ್ಯೆಯೂ ಅಲ್ಲ. ಇಡೀ ದೇಶದ ಲೆಕ್ಕಕ್ಕೆ ಬಂದಾಗ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಜನರಿಗೆ ಹೊಸದಾಗಿ ತುಟಿ, ಬಾಯಿಯ ಕ್ಯಾನ್ಸರ್ ಆಗುತ್ತಿದೆ. ಜಗತ್ತಿನ ಒಟ್ಟು ಲೆಕ್ಕದಲ್ಲಿ ಇದು ಮೂರನೇ ಒಂದು ಭಾಗಕ್ಕೂ ಹೆಚ್ಚು. ಎಂಬತ್ತಾರು ದಾಟಿದ ಅಜ್ಜಿಯರನ್ನು ಎಲ್ಲರೂ ನೆನಪಿಡುತ್ತಾರೆ. ಐವತ್ತಕ್ಕೇ ಹೋದವರ ಸುದ್ದಿಯನ್ನು ಮನೆಯವರೇ ಎತ್ತುವುದಿಲ್ಲ.

ಅಜ್ಜಿ ಹಾಕಿದ್ದೂ ಮಾವ ಹಾಕಿದ್ದೂ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. ಅಜ್ಜಿಯ ಸಂಚಿಯಲ್ಲಿ ಹಸಿ ವೀಳ್ಯದೆಲೆ ಇತ್ತು. ಹಾಕುತ್ತಿದ್ದುದು ಊಟವಾದ ಮೇಲೆ, ನಾಲ್ಕು ಜನ ಕೂತಾಗ. ಹಾಕಿ ಉಗುಳಿ ಬಾಯಿ ಮುಕ್ಕಳಿಸುವ ರೂಢಿಯೂ ಇದ್ದಿರಬಹುದು. ಗುಟ್ಕಾದಲ್ಲಿ ಎಲೆ ಇಲ್ಲ. ಒಣ ಅಡಿಕೆಪುಡಿ, ತಂಬಾಕು, ಸುಣ್ಣ, ಕಾಚು, ಸುವಾಸನೆ. ಜೇಬಿನಲ್ಲಿ ಸ್ಯಾಶೆ ಇದ್ದರೆ ಬೈಕ್ ಮೇಲೆ, ಕೆಲಸದ ಮಧ್ಯೆ, ಯಾವಾಗ ಬೇಕಾದರೂ ಹರಿದು ಬಾಯಿಗೆ ಸುರಿದುಕೊಳ್ಳಬಹುದು. ಬಾಯಿ ನಾರುಗಟ್ಟುವ ಕಾಯಿಲೆ ಗುಟ್ಕಾ, ಪಾನ್ ಮಸಾಲದವರಲ್ಲಿ ಎಲೆಅಡಿಕೆಯವರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆಯಾಗಿ ಒಂದೇ ಅಂಗಡಿಯ ಒಂದೇ ದಾರದಲ್ಲಿ ನೇತಾಡತೊಡಗಿದವು.

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೆ ಪರವಾಗಿಲ್ಲವೇ ಎಂಬ ಪ್ರಶ್ನೆ ನಿಮ್ಮಲ್ಲಿ ಏಳಬಹುದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡು ನಮ್ಮದು. ಮಲೆನಾಡಿನಲ್ಲಿ ಈ ಮಾತು ಎತ್ತಿದರೆ ಕಾವೇರಿದ ಚರ್ಚೆಯೇ ಆಗುತ್ತದೆ. ಬೆಳೆಗಾರರ ಆತಂಕ ಅರ್ಥವಾಗುವಂಥದ್ದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ತಂಬಾಕಿಲ್ಲದ ಎಲೆಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಗುಂಪಿಗೆ ಸೇರಿಸಿದೆ. ತೈವಾನಿನಲ್ಲಿ ಅಡಿಕೆಗೆ ತಂಬಾಕು ಬೆರೆಸುವ ರೂಢಿಯೇ ಇಲ್ಲ. ಬಾಯಿ ಕ್ಯಾನ್ಸರ್ ಮಾತ್ರ ಅಲ್ಲಿ ಧಾರಾಳವಾಗಿದೆ. ವೈದ್ಯನಾಗಲಿ ಬೆಳೆಗಾರನಾಗಲಿ ಈ ಸಂಗತಿಯನ್ನು ದಾಟಿ ಹೋಗಲಾಗದು.

ಇನ್ನು ಮನೆತನದ ವಿಷಯ. ಹುಟ್ಟಿನಿಂದ ಬಂದ ಜೀನ್ ವ್ಯತ್ಯಾಸ ಬೇರೆ, ಬದುಕಿನಲ್ಲಿ ಗಡ್ಡೆಯೊಳಗೆ ಆಗುವ ಜೀನ್ ಬದಲಾವಣೆ ಬೇರೆ. ಕೆನ್ನೆ ಮತ್ತು ವಸಡಿನ ಕ್ಯಾನ್ಸರ್ ಗಡ್ಡೆಗಳ ಜೀನ್‌ಗಳನ್ನು ಓದುವ ಕೆಲಸವನ್ನು ಭಾರತದ ತಂಡವೇ ಮಾಡಿ 2013ರಲ್ಲಿ ಪ್ರಕಟಿಸಿತು. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ಜೀನ್ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ ಮತ್ತು ಟಾಟಾ ಮೆಮೋರಿಯಲ್‌ನ ಸಂಶೋಧಕರು ಅದರಲ್ಲಿದ್ದರು. ಟಿಪಿ53, ಕ್ಯಾಸ್ಪ್-8, ನಾಚ್-1 ಮುಂತಾದ ಜೀನ್‌ಗಳು ಗಡ್ಡೆಗಳಲ್ಲಿ ಮತ್ತೆ ಮತ್ತೆ ಕೆಟ್ಟಿದ್ದವು. ಈ ಕೆಡುಕು ಕೆನ್ನೆಯ ಆ ಕೋಶಗಳಲ್ಲಿ ಮಾತ್ರ ಇರುತ್ತದೆ, ಮಕ್ಕಳಿಗೋ ಅಳಿಯನಿಗೋ ದಾಟುವುದಿಲ್ಲ. ಮಾವನ ಬಯಾಪ್ಸಿ ವರದಿಯಲ್ಲಿ ಅಂಥದ್ದೇನಾದರೂ ಬರೆದಿದ್ದರೆ ಅದನ್ನು ನೋಡಿ ನೀವು ಹೆದರಬೇಕಾಗಿಲ್ಲ.

ರಕ್ತಸಂಬಂಧಕ್ಕೆ ಸ್ವಲ್ಪ ಪಾತ್ರವಿದೆ, ನಿಜ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2009ರಲ್ಲಿ ನೋಡಿದಾಗ, ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ತಲೆ, ಕುತ್ತಿಗೆ ಭಾಗದ ಕ್ಯಾನ್ಸರ್ ಆಗಿದ್ದವರಿಗೆ ಅಪಾಯ ಸುಮಾರು 1.7 ಪಟ್ಟು ಇತ್ತು. ಸೋದರಮಾವ ಎಂದರೆ ಅದಕ್ಕಿಂತ ಒಂದು ಹೆಜ್ಜೆ ದೂರ. ಅಲ್ಲದೆ ಮನೆಮಂದಿ ಹಂಚಿಕೊಳ್ಳುವುದು ಜೀನನ್ನು ಮಾತ್ರವಲ್ಲ, ಸಂಚಿಯನ್ನೂ ಹಂಚಿಕೊಳ್ಳುತ್ತಾರೆ. ಮಗುವಿದ್ದಾಗ ಅಜ್ಜಿಯ ಪಕ್ಕ ಕೂತು ಅಡಿಕೆ ಚೂರು ಬಾಯಿಗೆ ಹಾಕಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಫ್ಯಾಂಕೋನಿ ರಕ್ತಹೀನತೆಯಂಥ ಒಂದೆರಡು ಅಪರೂಪದ ವಂಶವಾಹಿ ಕಾಯಿಲೆಗಳಲ್ಲಿ ಹೊಗೆಸೊಪ್ಪಿಲ್ಲದೆಯೂ ಚಿಕ್ಕ ವಯಸ್ಸಿನಲ್ಲೇ ಬಾಯಿ ಕ್ಯಾನ್ಸರ್ ಬರಬಹುದು. ಅಲ್ಲಿ ಜೀನ್ ಪರೀಕ್ಷೆಗೆ ನಿಜವಾದ ಬೆಲೆಯಿದೆ. ಅಂಥ ಮಕ್ಕಳಲ್ಲಿ ರಕ್ತ ಕಡಿಮೆಯಾಗುವುದು, ಬೆಳವಣಿಗೆ ಕುಂಠಿತವಾಗುವುದು ಮೊದಲೇ ಕಾಣಿಸಿಕೊಳ್ಳುವುದೇ ಹೆಚ್ಚು. ನೀವು ಬರೆದ ವಿವರ ಆ ದಾರಿಯದಲ್ಲ.

ಉರಿಯೂತವೇ ಕಾರಣವಾದರೆ ಅದನ್ನು ತಗ್ಗಿಸುವ ಮಾತ್ರೆ ನುಂಗಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಈ ಆಸೆಯ ಬೆನ್ನು ಹತ್ತಿ ವಿಜ್ಞಾನಲೋಕವೇ ಒಮ್ಮೆ ಮೋಸ ಹೋಯಿತು. 2005ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆ ನಾರ್ವೆಯ ಯಾನ್ ಸುಡ್‌ಬೋ ಎಂಬ ಸಂಶೋಧಕನ ಪ್ರಬಂಧ ಪ್ರಕಟಿಸಿತು. ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ಬಾಯಿ ಕ್ಯಾನ್ಸರ್ ಕಡಿಮೆ ಎಂದು ಅದರಲ್ಲಿತ್ತು. ಆಧಾರ 908 ಜನರ ದಾಖಲೆ. ಕೆಲವೇ ತಿಂಗಳಲ್ಲಿ ನಾರ್ವೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯವರಿಗೆ ಅನುಮಾನ ಬಂದು ತನಿಖೆಯಾದಾಗ ಆ 908 ಜನರೂ ಕಟ್ಟುಕತೆ ಎಂದು ಬಯಲಾಯಿತು. ಅವರಲ್ಲಿ 250 ಮಂದಿಗೆ ಒಂದೇ ಜನ್ಮದಿನಾಂಕ ಕೊಡಲಾಗಿತ್ತು! 2006ರಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಪ್ರಾಮಾಣಿಕವಾಗಿ ನಡೆದ ಪ್ರಯೋಗವೂ ಇದೆ. ಬಾಯಲ್ಲಿ ಕ್ಯಾನ್ಸರಿಗೆ ಮುಂಚಿನ ಕಲೆಗಳಿದ್ದವರಿಗೆ ಕಾಕ್ಸ್-2 ತಡೆಯುವ ಸೆಲೆಕಾಕ್ಸಿಬ್ ಕೊಟ್ಟು ನೋಡಿದಾಗ, ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಪೆಟ್ಟು ಬೀಳುವುದು ನಿಲ್ಲದೆ ಊತ ಮಾತ್ರ ಇಳಿಸಲು ಹೋದರೆ ಇಷ್ಟೇ ಆಗುವುದು. ಈ ಮಾತ್ರೆಗಳನ್ನು ವರ್ಷಗಟ್ಟಲೆ ತಿಂದರೆ ಹೊಟ್ಟೆ, ಮೂತ್ರಪಿಂಡ, ಹೃದಯಕ್ಕೆ ತೊಂದರೆಯಾಗಬಹುದು.

ಹಾಗಾದರೆ ಈ ಜೀನ್ ಸಂಶೋಧನೆಯೆಲ್ಲ ದಂಡವೇ? ಅಲ್ಲ. ಯಾವ ಸೈಟೊಕೈನ್ ಯಾವ ಹಂತದಲ್ಲಿ ಏನು ಮಾಡುತ್ತದೆ ಎಂದು ತಿಳಿದರೆ ಮುಂದೆ ಔಷಧಿಗೆ ದಾರಿಯಾದೀತು. ಬಾಯಲ್ಲಿ ಬಿಳಿ ಕಲೆ ಇರುವ ನೂರು ಜನರಲ್ಲಿ ಯಾರನ್ನು ಹೆಚ್ಚು ನಿಗಾದಲ್ಲಿಡಬೇಕು ಎಂದು ಆರಿಸಲು ಹತ್ತಾರು ಜೀನ್‌ಗಳ ಒಟ್ಟು ಲೆಕ್ಕ ನೆರವಾದೀತು. ಆದರೆ ಇವತ್ತು, ನಿಮ್ಮೊಬ್ಬರ ವಿಷಯದಲ್ಲಿ, ವರದಿ ಏನೇ ಬಂದರೂ ವೈದ್ಯರು ಹೇಳುವ ಮಾತು ಬದಲಾಗುವುದಿಲ್ಲ. 'ಅಪಾಯ ಕಡಿಮೆ' ಎಂದು ಬಂದರೆ ಗುಟ್ಕಾ ಹಾಕಿ ಎನ್ನಲಾರರು. 'ಹೆಚ್ಚು' ಎಂದು ಬಂದರೂ ಹೇಳುವುದು ಬಿಡಿ, ಬಾಯಿ ತೋರಿಸಿಕೊಳ್ಳಿ ಎಂದೇ. 'ಕಡಿಮೆ' ಎಂಬ ವರದಿಯೇ ಹೆಚ್ಚು ಅಪಾಯಕಾರಿ; ಅದನ್ನು ಪರವಾನಗಿ ಎಂದುಕೊಳ್ಳುವವರು ಇದ್ದೇ ಇರುತ್ತಾರೆ.

ಬಾಯಿ ತೋರಿಸಿಕೊಳ್ಳುವುದಕ್ಕೆ ಮಾತ್ರ ಗಟ್ಟಿ ಪುರಾವೆಯಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರ ಸುಮಾರಿಗೆ ಶುರುವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಬಿಟ್ಟು ಬಾಯಿ ನೋಡಿದರು. ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ, ಬರೀ ಕಣ್ಣು. 2005ರಲ್ಲಿ ಬಂದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಯಾವ ಜೀನ್ ಪರೀಕ್ಷೆಯೂ ಇನ್ನೂ ಇಷ್ಟು ಮಾಡಿ ತೋರಿಸಿಲ್ಲ.

ನೀವೂ ಇದನ್ನು ಮಾಡಬಹುದು. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಮೊಬೈಲಿನ ಟಾರ್ಚ್ ಹಾಕಿ ನೋಡಿ. ಬೆರಳಿನಿಂದ ಕೆನ್ನೆ ಎಳೆದು ಎರಡೂ ಕಡೆಯ ಒಳಭಾಗ, ತುಟಿಯ ಒಳಗೆ, ವಸಡಿನ ಸಂದಿ, ನಾಲಿಗೆಯ ಎರಡೂ ಅಂಚು, ನಾಲಿಗೆ ಎತ್ತಿ ಅದರ ಕೆಳಗೆ. ಉಜ್ಜಿದರೂ ಹೋಗದ ಬಿಳಿ ಕಲೆ, ಮಖಮಲ್ಲಿನಂಥ ಕೆಂಪು ಕಲೆ, ಗಟ್ಟಿಯಾದ ಅಂಚು, ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ, ನೋವಿಲ್ಲದಿದ್ದರೂ, ದಂತವೈದ್ಯರಿಗೋ ಕಿವಿ-ಮೂಗು-ಗಂಟಲು ವೈದ್ಯರಿಗೋ ತೋರಿಸಿ. ಶುರುವಿನ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಿ. ಹಿಡಿಸದಿದ್ದರೆ, ಅನ್ನ ಸಾರು ಬಾಯಿಗಿಟ್ಟರೆ ಖಾರ ತಡೆಯಲಾಗದಷ್ಟು ಉರಿದರೆ, ಕೆನ್ನೆಯೊಳಗೆ ನಾರುಗಟ್ಟುತ್ತಿರಬಹುದು. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ.

ನೀವು ಹೊಗೆಸೊಪ್ಪು, ಗುಟ್ಕಾ ಅಥವಾ ಅಡಿಕೆ ಹಾಕುತ್ತೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಹಾಕುವುದಿಲ್ಲವಾದರೆ ಮಾವನ ಕಾಯಿಲೆಯ ನೆಪದಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ. ಹಾಕುತ್ತೀರಾದರೆ 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ. ತಂಬಾಕು ಬಿಡಿಸುವ ಈ ರಾಷ್ಟ್ರೀಯ ಸಹಾಯವಾಣಿಯನ್ನು ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ನಡೆಸುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಾವನಿಗೂ ಈ ಸಂಖ್ಯೆ ಕೊಡಿ. ಆಪರೇಷನ್ ಆದ ಮೇಲೂ ಅಭ್ಯಾಸ ಮುಂದುವರಿಸಿದವರಿಗೆ ಅದೇ ಬಾಯಲ್ಲಿ ಎರಡನೇ ಕ್ಯಾನ್ಸರ್ ಏಳುವ ಸಂಭವ ಹೆಚ್ಚು, ಮತ್ತು ಅದನ್ನು ತಡೆಯುವುದು ಅವರ ಜೀನ್ ಏನೇ ಇರಲಿ ಈಗಲೂ ಅವರ ಕೈಯಲ್ಲಿದೆ.